ಡ್ರೈವರ್ ಸೀಟಿನ ಹಿಂದಿನ ಚದುರಂಗ

ಅರಕಲಗೂಡು ಬಸ್ ನಿಲ್ದಾಣದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಟೀ ಅಂಗಡಿಯ ಸ್ಟೌವ್ ಮಾತ್ರ ಬುಸುಗುಡುತ್ತಿದೆ. ಹೊಳೆನರಸೀಪುರದ ಮೇಲೆ ಚನ್ನರಾಯಪಟ್ಟಣಕ್ಕೆ ಹೋಗುವ ಮೊದಲ ಬಸ್ಸಿನೊಳಗೆ ಕಂಡಕ್ಟರ್ ಧನಲಕ್ಷ್ಮಿ ದೀಪ ಹಾಕಿಕೊಂಡು, ಡ್ರೈವರ್ ಸೀಟಿನ ಹಿಂದಿನ ತಗಡಿಗೆ ಒಂದು ಹಾಳೆ ಅಂಟಿಸುತ್ತಿದ್ದಾರೆ. ಟೇಪನ್ನು ಹಲ್ಲಿನಿಂದ ಕಚ್ಚಿ ಹರಿದು, ನಾಲ್ಕೂ ಮೂಲೆ ಒತ್ತಿ, ಹಿಂದೆ ಸರಿದು ನಿಂತು ನೋಡುತ್ತಾರೆ. ಡ್ರೈವರ್ ಗೌರೀಶ ಎಂಜಿನ್ ಬಿಸಿ ಮಾಡುತ್ತ, ತಿರುಗಿಯೂ ನೋಡದೆ, "ಎಡಕ್ಕೆ ವಾಲೈತೆ ಕಣಕ್ಕ" ಎನ್ನುತ್ತಾರೆ. ಹಾಳೆ ನೆಟ್ಟಗೇ ಇದೆ. ಪ್ರತಿ ಗುರುವಾರವೂ ಈ ಕೀಟಲೆ ಇದ್ದದ್ದೇ, ಧನಲಕ್ಷ್ಮಿ ಪ್ರತಿ ಗುರುವಾರವೂ ಇನ್ನೊಮ್ಮೆ ನೋಡುವುದೂ ಇದ್ದದ್ದೇ.

ಹಾಳೆಯ ಮೇಲ್ಭಾಗದಲ್ಲಿ ಚೆಸ್ ಮಣೆಯ ಚಿತ್ರ. ಅದರಡಿಯಲ್ಲಿ, "ಬಿಳಿಯರ ಆಟ. ಮೂರು ನಡೆಗೆ ಕಪ್ಪು ರಾಜ ಸಿಕ್ಕಿಬೀಳಬೇಕು" ಎಂಬ ಸಾಲು. ಕೆಳಗೆ ಸುದ್ದಿ: ಹಾಸನದಲ್ಲಿ ಕಳೆದ ವಾರ ನಡೆದ ಪಂದ್ಯದಲ್ಲಿ ಯಾರು ಗೆದ್ದರು, ಮುಂದಿನದು ಎಲ್ಲಿ, ಮಧ್ಯಾಹ್ನದ ಊಟ ಅವರೇ ಹಾಕುತ್ತಾರೋ ಬುತ್ತಿ ಕಟ್ಟಿಕೊಂಡು ಹೋಗಬೇಕೋ, ಯಾವ ಬಸ್ಸಿಗೆ ಹೊರಟರೆ ಹೊತ್ತಿಗೆ ಮುಟ್ಟಬಹುದು. ಹೊಳೆನರಸೀಪುರದ ಲೈಬ್ರರಿಗೆ ಬಂದ ಚೆಸ್ ಪುಸ್ತಕದ ಹೆಸರು, ಮೊಬೈಲಿನಲ್ಲಿ ನೋಡಬಹುದಾದ ಒಂದು ಪಾಠ, ಇವೂ ಇವೆ.

"ಮೊಬೈಲ್ನಾಗೆ ಎಲ್ಲಾ ಐತೆ, ಇಲ್ಲ ಅಂತೀನಾ ಸಾ?" ಎಂದು ಪತ್ರಿಕೆಗೆ ಬರೆಯಲು ಬಂದವರನ್ನು ಕೇಳುತ್ತಾರೆ ಧನಲಕ್ಷ್ಮಿ. "ಪರಪಂಚದಾಗೆ ಯಾರ್ ಗೆದ್ರು ಅಂತ ಅದೇ ಯೋಳ್ತದೆ. ಚನ್ರಾಯಪಟ್ಣದಾಗೆ ಬಾನ್ವಾರ ಪಂದ್ಯ ಐತೆ, ನಮ್ ಬಸ್ಸಿಗೆ ಬಂದ್ರೆ ಸರಿಯಾಗ್ತದೆ ಅಂತ ಅದು ಯೋಳಾಕಿಲ್ಲ."

ಸಮಸ್ಯೆ ಬಿಡಿಸಿದವರಿಗೆ ಒಂದೇ ಕಟ್ಟಳೆ. ಉತ್ತರವನ್ನು ಇಳಿಯುವಾಗ ಕಂಡಕ್ಟರ್ ಕಿವಿಯಲ್ಲಿ ಮೆಲ್ಲಗೆ ಹೇಳಬೇಕು, ಮಿಕ್ಕವರು ಇನ್ನೂ ಯೋಚಿಸುತ್ತಿರುತ್ತಾರೆ. ಹಾಗಾಗಿ ಕಾಲೇಜಿನ ಸ್ಟಾಪು ಬಂತೆಂದರೆ ಬ್ಯಾಗು ಹೊತ್ತ ಹುಡುಗ ಹುಡುಗಿಯರು ಸಾಲಾಗಿ ಬಂದು ಧನಲಕ್ಷ್ಮಿಯ ಕಿವಿಗೆ ಬಾಯಿಟ್ಟು, "ಆನೆ ಕೊಟ್ಬುಡ್ಬೇಕು ಕಣಕ್ಕ" ಎಂದು ಪಿಸುಗುಟ್ಟಿ ಇಳಿದುಹೋಗುತ್ತಾರೆ. ದಿನವೂ ಸೊಪ್ಪಿನ ಮೂಟೆಯೊಂದಿಗೆ ಬರುವ ಮಾದಮ್ಮನಿಗೆ ಬಹಳ ದಿನ ಇದೇ ಚಿಂತೆಯಾಗಿತ್ತಂತೆ. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟರು: "ಇಷ್ಟೊಂದ್ ಐಕ್ಳು ನಿನ್ ಕಿವೀಲಿ ಅದೇನ್ ಗುಟ್ಟು ಯೋಳ್ತವವ್ವ, ಮನೇಲೇನಾದ್ರೂ ತೊಂದ್ರೆಯಾ?"

ಧನಲಕ್ಷ್ಮಿ ಕಟ್ಟಾಯ ಕಡೆಯ ರೈತರ ಮನೆಯ ಮಗಳು. ಪಿಯುಸಿ ಮುಗಿಸಿ, ಮದುವೆಯಾಗಿ, ಮಗಳು ದಿವ್ಯಾ ಇನ್ನೂ ತೊದಲು ಮಾತಾಡುವಾಗ ಕಂಡಕ್ಟರ್ ಕೆಲಸಕ್ಕೆ ಸೇರಿದರು. ಆಗ ಈ ದಾರಿಯಲ್ಲಿ ಹೆಂಗಸು ಟಿಕೆಟ್ ಹರಿಯುವುದನ್ನು ನೋಡಲೆಂದೇ ಬಸ್ಸು ಹತ್ತಿದವರಿದ್ದರು. ಕುಡಿದು ಬಂದವರ ಜೊತೆ ಜಗಳ, ನಿಂತೂ ನಿಂತೂ ಊದಿದ ಕಾಲು, ಮನೆಗೆ ಹೋದರೆ ಒಲೆ ಮತ್ತು ಎರಡು ಹಸು. ಈಗ ದಿವ್ಯಾ ಹಾಸನದಲ್ಲಿ ನರ್ಸು. ಹೆಂಗಸರಿಗೆ ಪ್ರಯಾಣ ಉಚಿತವಾದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದುಡ್ಡಿಲ್ಲದ ಟಿಕೆಟ್ಟನ್ನೂ ಒಬ್ಬೊಬ್ಬರಿಗೂ ಕೊಟ್ಟೇ ಮುಂದೆ ಹೋಗಬೇಕು. ಇಂಥ ನೂಕುನುಗ್ಗಲಿನ ನಡುವೆ ಈಕೆಗೆ ಚದುರಂಗ ಎಲ್ಲಿಂದ ಗಂಟುಬಿತ್ತು ಎಂದು ಯಾರಿಗಾದರೂ ಅನ್ನಿಸಬೇಕು. ಕೇಳಿದರೆ ಧನಲಕ್ಷ್ಮಿಯ ಮುಖ ಅರಳುತ್ತದೆ, ಟಿಕೆಟ್ ಮಿಷನ್ನು ತೊಡೆಯ ಮೇಲೆ ಇಳಿಯುತ್ತದೆ.

ಕೆಲಸಕ್ಕೆ ಸೇರಿದ ಹೊಸತು. ಅರಕಲಗೂಡಿನ ನಿಲ್ದಾಣದ ಎದುರು ದೊಡ್ಡಯ್ಯ ಎಂಬುವರ ಬೀಜ ಗೊಬ್ಬರದ ಅಂಗಡಿ. ಗಿರಾಕಿ ಇಲ್ಲದಾಗ ಅವರು ಗಲ್ಲಾ ಪಕ್ಕ ಮಣೆ ಇಟ್ಟುಕೊಂಡು, ಎರಡೂ ಕಡೆಯ ಆಟವನ್ನು ತಾವೇ ಆಡುತ್ತ ಕೂತಿರುತ್ತಿದ್ದರು. ಅತ್ತ ಹೊಳೆನರಸೀಪುರದಲ್ಲಿ ಪೇಟೆ ಸ್ಟಾಪಿನ ಬಳಿಯ ಮನೆಯ ಜಗಲಿಯ ಮೇಲೆ ನಿವೃತ್ತ ಗಣಿತದ ಮೇಷ್ಟ್ರು ವೆಂಕಟರಾಮಯ್ಯನವರದೂ ಅದೇ ಕಥೆ. ಒಂದು ದಿನ ಮೇಷ್ಟ್ರು ಬಸ್ಸಿನಲ್ಲಿ ಬಂದಾಗ ಧನಲಕ್ಷ್ಮಿ ಸುಮ್ಮನಿರಲಾರದೆ, "ನಿಮ್ಮಂಗೇ ಇನ್ನೊಬ್ರವ್ರೆ ಮೇಷ್ಟ್ರೇ, ಒಬ್ರೇ ಆಡ್ಕಂಡ್ ಕೂತಿರ್ತಾರೆ" ಎಂದುಬಿಟ್ಟರು. ಮರುದಿನ ಬೆಳಿಗ್ಗೆ ಮೇಷ್ಟ್ರು ಸ್ಟಾಪಿನಲ್ಲಿ ಕಾಯುತ್ತಿದ್ದರು. "ಅವರಿಗೆ ಹೇಳಮ್ಮಾ, ನಾನು ಮಂತ್ರಿಯ ಮುಂದಿನ ಕಾಲಾಳು ನಡೆಸಿದ್ದೇನೆ ಅಂತ."

ಅಲ್ಲಿಂದ ಶುರುವಾಯಿತು. ಅತ್ತಲಿಂದ ಒಂದು ನಡೆ, ಇತ್ತಲಿಂದ ಒಂದು ನಡೆ, ನಡುವೆ ಧನಲಕ್ಷ್ಮಿ. ಚೀಟಿ ಬರೆದುಕೊಟ್ಟರೆ ಟಿಕೆಟ್ ಕಟ್ಟುಗಳ ನಡುವೆ ಕಳೆದುಹೋಗುತ್ತಿತ್ತು, ಆದ್ದರಿಂದ ಬಾಯಲ್ಲೇ ಒಯ್ದರು. ಆಟದ ಗಂಧಗಾಳಿ ಗೊತ್ತಿರಲಿಲ್ಲ. ಯಾವ ಅಜ್ಜಿ ಯಾವ ಊರಲ್ಲಿ ಇಳಿಯಬೇಕು ಎಂದು ನೆನಪಿಟ್ಟುಕೊಂಡ ಹಾಗೆ ಒಂಟೆ, ಕುದುರೆಗಳನ್ನೂ ನೆನಪಿಟ್ಟುಕೊಂಡರು. ವಾರದ ರಜೆ ಬುಧವಾರ, ಅವತ್ತು ಆಟಕ್ಕೂ ರಜೆ.

ಒಂದು ಸಂಜೆ ದೊಡ್ಡಯ್ಯ ಕಣ್ಣು ಮಿಟುಕಿಸಿ, "ನಮ್ ರಾಜ ಕುದುರೆ ಆರ್ದ ಅಂತ ಯೋಳವ್ವ" ಎಂದರು. ಧನಲಕ್ಷ್ಮಿ ಹಾಗೆಯೇ ತಂದೊಪ್ಪಿಸಿದರು. ಮೇಷ್ಟ್ರ ಮುಖ ಕೆಂಪಾಯಿತು.

"ರಾಜ ಹಾರುವುದು ಎಂದರೇನಮ್ಮಾ? ರಾಜನೋ ಕಪ್ಪೆಯೋ? ಇದು ಆಟವೇ ಅಲ್ಲ ಅಂತ ಹೇಳು ಅವರಿಗೆ."

ಮೇಷ್ಟ್ರು ಪುಸ್ತಕ ನೋಡಿ ಆಟ ಕಲಿತವರು. ದೊಡ್ಡಯ್ಯನದು ಅಪ್ಪನಿಂದ ಬಂದ ನಾಟಿ ಆಟ, ಅದರಲ್ಲಿ ಒಮ್ಮೆಯೂ ಚೆಕ್ ಬೀಳದ ರಾಜ ಆಟಕ್ಕೊಮ್ಮೆ ಕುದುರೆಯ ಹಾಗೆ ಹಾರಬಹುದು. ಇಷ್ಟು ದಿನ ಇಬ್ಬರೂ ಬೇರೆ ಬೇರೆ ಕಾನೂನಿನಲ್ಲಿ ಒಂದೇ ಆಟ ಆಡಿಕೊಂಡು ಬಂದಿದ್ದರು! "ನಮ್ಮಪ್ಪ ಆಡಿದ್ದು ಆಟ ಅಲ್ವಂತಾ? ಮೇಷ್ಟ್ರು ಓದಿರೋ ಪುಸ್ತ್ಕ ನಮ್ಮೂರ್ಗೆ ಬಂದಿಲ್ಲ ಅಂತ ಯೋಳು" ಎಂದು ದೊಡ್ಡಯ್ಯ ಮಣೆ ಮಗುಚಿಟ್ಟರು.

"ಅವ್ರಂದಿದ್ದ ಇವ್ರಿಗೆ, ಇವ್ರಂದಿದ್ದ ಅವ್ರಿಗೆ ಅಂಗಂಗೇ ಯೋಳಿದ್ರೆ ಕೋರ್ಟಿಗೆ ಓಗಿರೋರು ಸಾ" ಎಂದು ನಗುತ್ತಾರೆ ಧನಲಕ್ಷ್ಮಿ. "ಆ ಕಪ್ಪೇನ ನಾನು ದಾರೀಲೇ ಇಳಿಸ್ಬುಟ್ಟೆ."

ಆದರೂ ಆಟ ನಿಂತೇ ಹೋಯಿತು. ಮೇಷ್ಟ್ರು ಸ್ಟಾಪಿಗೆ ಬರಲಿಲ್ಲ, ದೊಡ್ಡಯ್ಯ ಬಸ್ಸು ಕಂಡರೆ ಅಂಗಡಿಯೊಳಗೆ ತಿರುಗಿ ಕೂತರು. ಒಯ್ಯಲು ಏನೂ ಇಲ್ಲದೆ ಓಡಾಡುವುದು ಧನಲಕ್ಷ್ಮಿಗೆ ಬಹಳ ಬೇಸರವಾಗುತ್ತಿತ್ತು. ಕೊನೆಗೊಂದು ಬುಧವಾರ, ತಮ್ಮ ರಜೆಯ ದಿನವೇ, ದೊಡ್ಡಯ್ಯನನ್ನು ಬಲವಂತವಾಗಿ ಬಸ್ಸು ಹತ್ತಿಸಿ ಹೊಳೆನರಸೀಪುರಕ್ಕೆ ಕರೆತಂದರು. ಅಷ್ಟು ಕಾಲ ಆಡಿದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ದು ಅವತ್ತೇ. ಮೇಷ್ಟ್ರ ಹೆಂಡತಿ ಶ್ರೀರಂಗಮ್ಮ ಜಗಲಿಗೇ ಉಪ್ಪಿಟ್ಟು ತಂದಿಟ್ಟರು. ವಾದ ಜೋರಾಗಿ, ಆಮೇಲೆ ಮೆತ್ತಗಾಗಿ, ಕೊನೆಗೆ ಒಂದು ಆಟ ಪುಸ್ತಕದ ಪ್ರಕಾರ, ಮುಂದಿನ ಆಟ ದೊಡ್ಡಯ್ಯನ ಅಪ್ಪನ ಪ್ರಕಾರ ಎಂದು ರಾಜಿಯಾಯಿತು. ಸಂಜೆ ಕೊನೆಯ ಬಸ್ಸಿಗೆ ದೊಡ್ಡಯ್ಯನನ್ನು ಜಗಲಿಯಿಂದ ಎಬ್ಬಿಸುವುದೇ ಕಷ್ಟವಾಯಿತಂತೆ.

ಬೇರೆ ಯಾರೂ ಹೀಗೆ ಕಿತ್ತಾಡಬಾರದೆಂದು ಮೇಷ್ಟ್ರು ಚೆಸ್ಸಿನ ಕಾನೂನನ್ನೆಲ್ಲ ಒಂದು ಹಾಳೆಯಲ್ಲಿ ದುಂಡಗೆ ಬರೆದುಕೊಟ್ಟರು. ಬಸ್ಸಿನಲ್ಲಿ ಅಂಟಿಸಿದ ಮೊದಲ ಹಾಳೆ ಅದು. ಅದನ್ನು ಓದಿದ ಮಕ್ಕಳು ಇನ್ನೇನಾದರೂ ಬರೆಯಿರಿ ಎಂದರು, ಮೇಷ್ಟ್ರು ಸಮಸ್ಯೆ ಹಾಕಿಕೊಟ್ಟರು. ಧನಲಕ್ಷ್ಮಿಗೂ ಆಟ ಕಲಿಸಿದರು. ದಂಡಿಗನಹಳ್ಳಿಯಿಂದ ಬಂದು ಬಸ್ಸು ಬದಲಿಸುವ ಹುಡುಗರು, ಶ್ರವಣಬೆಳಗೊಳಕ್ಕೆ ಹೊರಟ ಯಾತ್ರಿಕರು ಕೂಡ ಸೀಟಿನಿಂದೆದ್ದು ಬಂದು ಆ ಹಾಳೆಯ ಮುಂದೆ ನೇತಾಡಿಕೊಂಡು ನಿಲ್ಲುತ್ತಿದ್ದ ಕಾಲವದು. ಈಗಿನ ಹಾಗೆ ಎಲ್ಲರ ಕತ್ತೂ ಮೊಬೈಲಿನ ಕಡೆ ಬಾಗಿರಲಿಲ್ಲ. ಅಪರಿಚಿತರಿಬ್ಬರು ಒಂಟೆಯ ವಿಚಾರಕ್ಕೆ ಮಾತಿಗಿಳಿದು, ಊರು ಬಂದರೂ ಇಳಿಯುವುದು ಮರೆತದ್ದನ್ನು ಹೇಳುವಾಗ ಧನಲಕ್ಷ್ಮಿಗೆ ಈಗಲೂ ಹೊಟ್ಟೆ ಹುಣ್ಣಾಗುವಷ್ಟು ನಗು.

ಕೊರೊನಾ ಮುಗಿದ ವರ್ಷ ಮೇಷ್ಟ್ರು ತೀರಿಕೊಂಡರು. ಅವತ್ತಿನ ಟ್ರಿಪ್ಪು ಧನಲಕ್ಷ್ಮಿಗೆ ಇಡೀ ಸರ್ವೀಸಿನಲ್ಲೇ ಭಾರವಾದದ್ದು. ಅರಕಲಗೂಡಿನಲ್ಲಿ ಬಸ್ಸು ನಿಂತ ಕೂಡಲೇ ದೊಡ್ಡಯ್ಯ ಎಂದಿನಂತೆ ಅಂಗಡಿ ಮೆಟ್ಟಿಲಿಂದಲೇ, "ಏನಂತವ್ವ ಮೇಷ್ಟ್ರು ನಡೆ?" ಎಂದು ಕೇಳಿದರು.

"ಇವತ್ತು ನಡೆ ಬರ್ಲಿಲ್ಲ ಯಜಮಾನ್ರೇ ಅಂದೆ. ಅವ್ರಿಗೆ ಗೊತ್ತಾಗೋಯ್ತು" ಎಂದು ಧನಲಕ್ಷ್ಮಿ ಕಿಟಕಿಯ ಕಡೆ ತಿರುಗುತ್ತಾರೆ. ಅಲ್ಲಿಂದೀಚೆ ಹಾಳೆಯನ್ನು ಧನಲಕ್ಷ್ಮಿಯೇ ಬರೆಯುತ್ತಾರೆ. ದೊಡ್ಡಯ್ಯ ಆಮೇಲೆ ಯಾರೊಂದಿಗೂ ಆಡಿಲ್ಲ. ಆದರೆ ಗುರುವಾರದ ಹಾಳೆ ನೋಡಲು ಕೋಲೂರಿಕೊಂಡು ಬಸ್ಸಿನ ಬಾಗಿಲವರೆಗೆ ಬರುವುದನ್ನು ತಪ್ಪಿಸುವುದಿಲ್ಲ.

"ನೀನೂ ಒಂದು ಪಂದ್ಯ ಆಡಮ್ಮಾ" ಎಂದು ಮೇಷ್ಟ್ರು ಇದ್ದಷ್ಟು ದಿನವೂ ಹೇಳುತ್ತಿದ್ದರಂತೆ. ಹೂಂ ಎಂದದ್ದೇ ಬಂತು. ಪಂದ್ಯಗಳೆಲ್ಲ ಭಾನುವಾರ, ಭಾನುವಾರವೇ ಬಸ್ಸಿಗೆ ಜನ ಹೆಚ್ಚು. ಎಷ್ಟೋ ಮಕ್ಕಳನ್ನು ಪಂದ್ಯದ ಬಾಗಿಲಿಗೆ ಇಳಿಸಿ, "ಚೆನ್ನಾಗಾಡ್ರಪ್ಪ" ಎಂದು ರೈಟ್ ಹೇಳಿ ಮುಂದೆ ಹೋದವರು ಈಕೆ. ಒಳಗೆ ಹೇಗಿರುತ್ತದೆಂದು ಒಂದು ದಿನವೂ ಕಂಡಿಲ್ಲ. ಹೋದ ತಿಂಗಳು, ದಿನಾ ಬರುವ ಹೈಸ್ಕೂಲು ಹುಡುಗಿ ಮಾನ್ಯ ಹಾಳೆಯ ಮೇಲೆ ಬೆರಳಿಟ್ಟು ಕೇಳಿದಳು: "ವಯಸ್ಸಿನ ಮಿತಿ ಇಲ್ಲ ಅಂತ ನೀವೇ ಬರ್ದಿದೀರಲ್ಲ ಅಕ್ಕ, ಮತ್ತೆ ನೀವ್ಯಾಕ್ ಬರಲ್ಲ?"

ಧನಲಕ್ಷ್ಮಿ ಟಿಕೆಟ್ ಮಿಷನ್ನಿನತ್ತ ತಿರುಗಿದರು. ಡ್ಯೂಟಿ ಎನ್ನಬಹುದಿತ್ತು. ಆದರೆ ಡ್ಯೂಟಿಗಿಂತ ದೊಡ್ಡದು ಹೆದರಿಕೆ ಎಂದು ಅವರಿಗೆ ಗೊತ್ತಿತ್ತು. ಐವತ್ತರ ಹತ್ತಿರದ ಹೆಂಗಸು ಮಕ್ಕಳ ನಡುವೆ ಕೂತು ಸೋತರೆ, ವಾರವಾರ ಸಮಸ್ಯೆ ಹಾಕುವವಳ ಬಂಡವಾಳ ಇಷ್ಟೇನಾ ಎಂದು ಬಸ್ಸೆಲ್ಲ ಆಡಿಕೊಂಡರೆ? ಆ ರಾತ್ರಿ ನಿದ್ದೆ ಬರಲಿಲ್ಲವಂತೆ. ಬೆಳಿಗ್ಗೆ ಎದ್ದು ಸಹೋದ್ಯೋಗಿ ರಜನೀಶ್‌ಗೆ ಫೋನು ಮಾಡಿ, ತಮ್ಮ ಬುಧವಾರ ಕೊಟ್ಟು ಅವರ ಭಾನುವಾರ ಕೇಳಿದರು. ಸುದ್ದಿ ತಿಳಿದ ದೊಡ್ಡಯ್ಯ ಬಾಗಿಲಿಗೆ ಬಂದು ಕೊಟ್ಟ ಬುದ್ಧಿಮಾತು ಒಂದೇ. "ರಾಜನ್ನ ಆರಿಸ್ಬ್ಯಾಡ ಕಣವ್ವ, ಅಲ್ಲಿ ಒಪ್ಪಾಕಿಲ್ಲ."

ಭಾನುವಾರ. ಚನ್ನರಾಯಪಟ್ಟಣದ ಸಮುದಾಯ ಭವನ. ಖಾಕಿ ಇಲ್ಲದೆ, ಇಸ್ತ್ರಿ ಮಾಡಿದ ಹಸಿರು ಸೀರೆಯಲ್ಲಿ ಧನಲಕ್ಷ್ಮಿಯನ್ನು ಗುರುತಿಸಲು ಮಕ್ಕಳಿಗೆ ಒಂದು ನಿಮಿಷ ಬೇಕಾಗುತ್ತದೆ. ಆಮೇಲೆ ಎಲ್ಲರೂ ಮುತ್ತಿಕೊಳ್ಳುತ್ತಾರೆ. ಮೊದಲ ಆಟ ಸೋಲು. ಎರಡನೆಯದೂ ಸೋಲು, ಅದೂ ಬೇಗ. "ಒಳ್ಳೆ ಆಸ್ಪತ್ರೆ ಇದ್ದಂಗೈತೆ ಸಾ, ಒಬ್ರೂ ಉಸ್ರೆತ್ತಲ್ಲ. ಇಷ್ಟ್ ನಿಶ್ಶಬ್ದದಾಗೆ ನನ್ ತಲೆ ಓಡಾಕಿಲ್ಲ" ಎಂದು ಊಟದ ಸಾಲಿನಲ್ಲಿ ಬೆವರೊರೆಸಿಕೊಳ್ಳುತ್ತಾರೆ. ಮೂರನೆಯದಕ್ಕೆ ರಸ್ತೆ ಕಡೆಯ ಕಿಟಕಿ ಪಕ್ಕದ ಮೇಜು ಸಿಗುತ್ತದೆ. ಹೊರಗೆ ಹಾರನ್ನು, ಗಾಡಿಗಳ ಗದ್ದಲ. ಅಲ್ಲಿ ನಿಧಾನಕ್ಕೆ ಉಸಿರಾಡಿ, ಆಟವನ್ನು ಎಳೆದೆಳೆದು, ಗೆದ್ದೇ ಬಿಡುತ್ತಾರೆ.

ಕೊನೆಯ ಸುತ್ತಿಗೆ ಎದುರು ಬಂದು ಕೂತವಳು ಮಾನ್ಯ.

ಹುಡುಗಿ ಚೆನ್ನಾಗಿ ಆಡುತ್ತಾಳೆ. ಅರ್ಧ ಆಟದ ಹೊತ್ತಿಗೆ ಅವಳ ಹತ್ತಿರ ಒಂದು ಆನೆ ಹೆಚ್ಚಿಗೆ ಇದೆ. ಧನಲಕ್ಷ್ಮಿಯ ರಾಜ ಮೂಲೆ ಸೇರಿದ್ದಾನೆ. ಇನ್ನು ಕೆಲವೇ ನಡೆಯ ಮಾತು. ಮಾನ್ಯ ಕೈ ಎತ್ತುತ್ತಾಳೆ, ಇಳಿಸುತ್ತಾಳೆ. ಗಡಿಯಾರ ಓಡುತ್ತಿದೆ. ತಲೆ ತಗ್ಗಿಸಿಕೊಂಡೇ ಅವಳು ಮೆಲ್ಲಗೆ ಕೇಳುತ್ತಾಳೆ: "ಡ್ರಾ ಮಾಡ್ಕೊಳ್ಳಣ್ವಾ ಅಕ್ಕ?"

ಧನಲಕ್ಷ್ಮಿ ಮಣೆ ನೋಡುತ್ತಾರೆ, ಹುಡುಗಿಯ ಮುಖ ನೋಡುತ್ತಾರೆ. ಅವರ ಕಣ್ಣು ತುಂಬಿದೆ, ಸಿಟ್ಟಿಗೋ ಪ್ರೀತಿಗೋ ಅವರಿಗೇ ತಿಳಿಯದು.

"ನಿಂಗೊಂದಾನೆ ಜಾಸ್ತಿ ಐತೆ. ನಂಗೇನ್ ಕಣ್ ಕಾಣಲ್ವಾ?" ಎನ್ನುತ್ತಾರೆ ಪಿಸುದನಿಯಲ್ಲಿ. "ಇಷ್ಟ್ ವರ್ಷದಾಗೆ ಟಿಕೆಟ್ ಇಲ್ದೆ ಒಬ್ರನ್ನೂ ಕರ್ಕಂಡೋಗಿಲ್ಲ ಕಣವ್ವ ನಾನು. ನಾನೂ ಅಂಗ್ ಓಗಲ್ಲ. ಆಡು."

ತೀರ್ಪುಗಾರರು ಇತ್ತ ತಿರುಗಿ ತುಟಿಗೆ ಬೆರಳಿಡುತ್ತಾರೆ. ಮಾನ್ಯ ಆನೆ ಎತ್ತಿಕೊಳ್ಳುತ್ತಾಳೆ. ಧನಲಕ್ಷ್ಮಿ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ರಾಜನನ್ನು ಒಂದೊಂದೇ ಮನೆ ಜರುಗಿಸುತ್ತ, ಉಳಿದ ಕುದುರೆಯಿಂದ ಎರಡು ಸಲ ಹುಡುಗಿಯನ್ನು ಗಾಬರಿಪಡಿಸುತ್ತಾರೆ. ಸುತ್ತಲ ಮೇಜುಗಳು ಖಾಲಿಯಾಗಿ, ಮುಗಿಸಿದ ಮಕ್ಕಳೆಲ್ಲ ಇವರ ಬೆನ್ನ ಹಿಂದೆ ಬಂದು ನಿಲ್ಲುವವರೆಗೂ ಆಟ ನಡೆಯುತ್ತದೆ. ಕೊನೆಗೆ ರಾಜನಿಗೆ ಎಲ್ಲೂ ಜಾಗವಿರುವುದಿಲ್ಲ. ಧನಲಕ್ಷ್ಮಿ ಎದ್ದು ನಿಂತು ಹುಡುಗಿಯ ಕೈ ಕುಲುಕಿ, ಆಮೇಲೆ ಆ ಕೈಯನ್ನು ಬಿಡದೆ ತಮ್ಮ ಕೆನ್ನೆಗೆ ಒತ್ತಿಕೊಳ್ಳುತ್ತಾರೆ.

ಸಂಜೆ ಊರಿಗೆ ಹೊರಟ ಬಸ್ಸಿನಲ್ಲಿ ಅವರು ಬರೀ ಪ್ರಯಾಣಿಕರು. ಹಿಂದಿನ ಸೀಟಿನಲ್ಲಿ ಮಕ್ಕಳ ಗದ್ದಲ. ಒಂದೇ ಆಟ ಗೆದ್ದದ್ದನ್ನು ಪತ್ರಿಕೆಯಲ್ಲಿ ಬರೆಯಬಹುದೇ, ಇಲ್ಲ ಫಲಿತಾಂಶವನ್ನೇ ಬಿಡಬೇಕೇ ಎಂದು ಕೇಳಿದರೆ, ಧನಲಕ್ಷ್ಮಿ ಸೆರಗು ಸರಿಪಡಿಸಿಕೊಳ್ಳುತ್ತಾರೆ.

"ಮೂರಾಟ ಸೋತ್ಲು ಅಂತ್ಲೇ ಬರೀರಿ ಸಾ. ಇರೋದ್ನ ಮುಚ್ಚಿಡಾಕೇನೈತೆ" ಎನ್ನುತ್ತಾರೆ. "ಆದ್ರೆ ಆಡಿದ್ಲು ಅಂತಾನೂ ಬರೀರಿ."