ಹಾಲೆ ಬೀಜಕ್ಕೊಂದು ಹೊದಿಕೆ

ಆ ಮಧ್ಯಾಹ್ನ ನಮ್ಮ ಮನೆಯ ಜಗಲಿಯ ಮೇಲೆ ನಾಲ್ಕು ಜನ ಕೂತಿದ್ದೆವು. ನಾನು, ನನ್ನ ಅತ್ತೆ, ಚನ್ನಪಟ್ಟಣದಿಂದ ಬಸ್ಸಿನಲ್ಲಿ ಬಂದಿದ್ದ ಬೊಂಬೆ ಮಾಡುವ ಚಾಚಾ, ಮತ್ತು ಎದುರು ಮನೆಯ ಹುಡುಗಿ, ಐದನೇ ಕ್ಲಾಸಿನವಳು. ನಡುವೆ ಒಂದು ಮೊರ. ಮೊರದ ತುಂಬ ಗೋಲಿ ಗಾತ್ರದ ಬೀಜದುಂಡೆಗಳು. ಕೆಮ್ಮಣ್ಣು, ಜರಡಿ ಹಿಡಿದ ಸಗಣಿ ಗೊಬ್ಬರ, ಒಳಗೆ ಎರಡೆರಡು ಹಾಲೆ ಮರದ ಬೀಜ. ಊರಿನ ಶಾಲೆಯ ಮಕ್ಕಳೆಲ್ಲ ಕೂತು ಕಟ್ಟಿದ್ದವು. ನೆರಳಲ್ಲಿ ಆರಿದ ಮೇಲೂ ಕೆಲವು ಉಂಡೆಗಳ ಮೇಲೆ ಪುಟ್ಟ ಬೆರಳಿನ ಗುರುತು ಹಾಗೇ ಉಳಿದಿತ್ತು.

ಬೀಜ ಬಂದದ್ದು ನಮ್ಮೂರ ರಸ್ತೆ ತಿರುವಿನಲ್ಲಿದ್ದ ಹಾಲೆ ಮರದಿಂದ. ಬೊಂಬೆ ಕಡೆಯುವುದಕ್ಕೆ ಈ ಕಡೆ ಅದೇ ಮರ ಬೇಕು; ಬೆಳ್ಳನೆಯ ಮರ, ಉಳಿಗೆ ಬೆಣ್ಣೆಯ ಹಾಗೆ. ರಸ್ತೆ ಅಗಲ ಮಾಡುವುದಕ್ಕೆ ಕಡಿಯಬೇಕೆಂದು ಅದರ ಬೊಡ್ಡೆಗೆ ಬಣ್ಣದಲ್ಲಿ ನಂಬರ್ ಬರೆದು ಹೋಗಿದ್ದರು. ಚಾಚಾ ಚಿಕ್ಕಂದಿನಲ್ಲಿ ತಮ್ಮ ತಂದೆಯ ಜೊತೆ ಬಂದು, ಅದರ ಒಂದು ಕೊಂಬೆ ಕೇಳಿ ಒಯ್ದು ತಮ್ಮ ಮೊದಲ ಬುಗುರಿ ಕಡೆದಿದ್ದರಂತೆ. ನಂಬರ್ ಬಿದ್ದ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಅವರು ವಾರವಾರವೂ ಬರತೊಡಗಿದರು. ಜೋಡಿ ಜೋಡಿಯಾಗಿ ತೂಗುವ ಅದರ ಕಾಯಿಗಳನ್ನು ಸಿಡಿಯುವ ಮುಂಚೆಯೇ ಕೊಯ್ದು ಕೂಡಿಟ್ಟರು. ಸಿಡಿದರೆ ಮುಗಿಯಿತು, ಬೀಜ ರೇಷ್ಮೆಯಂಥ ಕುಚ್ಚು ಬಿಚ್ಚಿಕೊಂಡು ಗಾಳಿಗೆ ಹೋಗಿಬಿಡುತ್ತದೆ.

"ನಮ್ದು ಗೇಣು ಜಮೀನಿಲ್ಲ ಅವ್ವ, ಎಲ್ಲಿ ಹಾಕ್ಲಿ?" ಎಂದಿದ್ದರು ಅತ್ತೆಯ ಹತ್ತಿರ. "ಮಕ್ಳ ಕೈಗೆ ಕೊಟ್ರೆ ಊರ ಬದುಗೆಲ್ಲಾ ಹೋಗ್ತದೆ. ಈ ಮರ ಇನ್ನೊಂದ್ಸಲ ಕಾಯಿ ಬಿಡಲ್ಲ."

ಉಂಡೆ ಮಾಡುವುದು ಸುಲಭವಾಯಿತು, ಕಟ್ಟಿಕೊಡುವುದೇ ಕಷ್ಟ. ಬೇಸಿಗೆ ರಜೆಗೆ ಮುಂಚೆ ಮಕ್ಕಳು ಮನೆಗೆ ಒಯ್ಯಬೇಕು, ಮಳೆ ಹಿಡಿಯುವ ತನಕ ಜೋಪಾನ ಮಾಡಬೇಕು, ಆಮೇಲೆ ಬದುವಿಗೆ ಎಸೆಯಬೇಕು. ಬ್ಯಾಗಿನಲ್ಲಿ ಬರಿದೇ ಹಾಕಿದರೆ ಪುಡಿಯಾಗುತ್ತದೆ. ಪ್ಲಾಸ್ಟಿಕ್ ಕವರ್ ಬೇಡವೆಂದು ಟೀಚರ್ ಹೇಳಿ ಕಳಿಸಿದ್ದರು. ಉಂಡೆಯ ಜೊತೆ ಕವರನ್ನೂ ಕೆರೆಗೆ ಎಸೆದು ಬರುವ ಮಕ್ಕಳನ್ನು ಅವರು ಕಂಡವರು.

"ನನ್ನ ಹಳೇ ಸೀರೆ ಐತೆ, ಹರ್ದು ಗಂಟು ಕಟ್ಟಾನ" ಎಂದರು ಅತ್ತೆ.

"ಅದು ನೈಲಾನು ಅತ್ತೆ. ನೀವೂ ನಾನೂ ಹೋದ್ಮೇಲೂ ಅದು ಮಣ್ಣಾಗಲ್ಲ."

"ಮದ್ವೇಲಿ ನಿಮ್ಮಪ್ಪ ಕೊಟ್ಟಿದ್ದಲ್ವ, ಅದ್ಕೇ ಅಷ್ಟು ಗಟ್ಟಿ."

ಚಾಚಾ ನಗು ತಡೆಯಲು ಉಂಡೆಗಳನ್ನು ಎಣಿಸುವವರಂತೆ ತಲೆ ತಗ್ಗಿಸಿದರು. ಆಮೇಲೆ ಅತ್ತೆಯೇ ಹೇಳಿದರು: "ನಿಮ್ಮೂರಿಂದ ಒಸಿ ತೂತಾದ ರೇಷ್ಮೆಗೂಡು ತರ್ಸು. ಅಷ್ಟು ದೊಡ್ಡ ಹುಳಾನೇ ಬೆಚ್ಚಗೆ ಇಟ್ಕತ್ತದೆ, ಬೀಜ ಇಟ್ಕಳಲ್ವ?"

ನನ್ನ ತವರು ಸೋಲೂರಿನ ಹತ್ತಿರ. ಅಲ್ಲಿ ರೇಷ್ಮೆಹುಳುವಿನ ಮೊಟ್ಟೆಗೆಂದೇ ಗೂಡು ಬೆಳೆಯುತ್ತಾರೆ. ನೂಲಿಗೆ ಹೋಗುವ ಗೂಡಿನಲ್ಲಿ ಹುಳುವನ್ನು ಒಳಗೇ ಬಿಸಿಗೆ ಸಾಯಿಸುತ್ತಾರೆ. ಮೊಟ್ಟೆಯ ಗೂಡಿನಲ್ಲಾದರೆ ಅದು ಚಿಟ್ಟೆಯಾಗಿ ತಾನೇ ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ಎಳೆ ಬರುವುದಿಲ್ಲ, ನೂಲು ಬಿಚ್ಚುವವರಿಗೆ ಅದು ಬೇಡ. ರೇಷ್ಮೆ ಸಾಕುವ ಮನೆಯವರು ನಾವು. ಒಂದು ಜೀವವನ್ನು ಜೋಪಾನ ಮಾಡಬೇಕೆಂದರೆ ಗೂಡಿನ ಆಚೆಗೆ ಯೋಚನೆ ಹೋಗುವುದಿಲ್ಲ. ಎಲ್ಲರೂ ಹೂಂ ಎಂದೆವು.

ತವರಿನಿಂದ ಒಂದು ಚೀಲ ಹಳದಿ ಗೂಡು ಬಂತು. ತೂತನ್ನು ಕತ್ತರಿಯಲ್ಲಿ ಸ್ವಲ್ಪ ಅಗಲ ಮಾಡಿ, ಉಂಡೆ ತುರುಕಿ, ಬಾಯಿಗೆ ಚಾಚಾ ತಂದ ಮರದ ಹೊಟ್ಟನ್ನು ಒತ್ತಿದೆವು. ಮೊರದಲ್ಲಿ ಸಾಲಾಗಿ ಜೋಡಿಸಿದಾಗ ಎಷ್ಟು ಚೆಂದ ಕಂಡವೆಂದರೆ, ಹುಡುಗಿ ಅವನ್ನು ಮುಟ್ಟುವ ಮೊದಲು ಕೈಯನ್ನು ಲಂಗಕ್ಕೆ ಒರೆಸಿಕೊಂಡಳು.

ಆದರೆ ಅತ್ತೆಗೆ ಒಂದು ಅಭ್ಯಾಸ. ಯಾವ ಬೀಜವನ್ನೇ ಆಗಲಿ, ಬಿತ್ತುವ ಮೊದಲು ನಾಲ್ಕು ಕಾಳು ಮೊಳಕೆಗೆ ಇಟ್ಟು ನೋಡದೆ ಹೊಲಕ್ಕೆ ಕಳಿಸಿದವರಲ್ಲ. ಯಾರಿಗೂ ಹೇಳದೆ ನಾಲ್ಕು ಗೂಡುಗಳನ್ನು ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ನಲ್ಲಿ ತೊಟ್ಟಿಕ್ಕುವ ಜಾಗದಲ್ಲಿ ಇಟ್ಟಿದ್ದರು.

ಶಾಲೆಯ ಕೊನೆಯ ದಿನಕ್ಕೆ ಹಿಂದಿನ ದಿನ ಚಾಚಾ ಬಂದಾಗ ಅತ್ತೆ ಆ ಗೂಡುಗಳನ್ನು ಅವರ ಮುಂದೆ ಇಟ್ಟು, ಒಂದನ್ನು ಬ್ಲೇಡಿನಿಂದ ಸೀಳಿದರು. ಬಾಯಿಯ ಹೊಟ್ಟು ನೆನೆದು ಉಬ್ಬಿ ಬಿರಡೆಯಂತೆ ಬಿಗಿದಿತ್ತು, ಉಂಡೆ ಕರಗಿ ಕೆಸರಾಗಿತ್ತು. ಬೀಜ ಮೊಳೆತಿತ್ತು ಕೂಡ. ಬೆಳ್ಳನೆಯ ಮೊಳಕೆ ಗೂಡಿನ ಗೋಡೆಗೆ ತಾಗಿ ತಿರುಗಿ, ಮತ್ತೆ ತಾಗಿ ತಿರುಗಿ, ದಾರದುಂಡೆಯ ಹಾಗೆ ಸುತ್ತಿಕೊಂಡು ಒಳಗೇ ಕೊಳೆತಿತ್ತು. ಉಳಿದ ಮೂರೂ ಹಾಗೇ.



"ಚಿಟ್ಟೆ ಉಗುಳು ಹಚ್ಚಿ ಗೂಡು ಮೆತ್ತಗೆ ಮಾಡ್ಕಂಡು ಬತ್ತದೆ" ಎಂದರು ಅತ್ತೆ. "ಬೀಜಕ್ಕೆ ಎಲ್ಲಿ ಬಾಯಿ? ನಂಗೆ ಹೊಳೀಲೇ ಇಲ್ಲ ನೋಡಿ ಸಾಬ್ರೇ."

ಚಾಚಾ ಆ ಸುರುಳಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತಲೇ ಇದ್ದರು. "ಇರೋ ಬೀಜ ಎಲ್ಲಾ ಇದ್ರಲ್ಲೇ ತುಂಬ್ಸಿಬಿಟ್ವಿ ಅವ್ವ" ಎಂದರು ಮೆಲ್ಲಗೆ.

"ತುಂಬಿದ್ದು ನಾವೇ, ತೆಗಿಯದೂ ನಾವೇ. ಏಳಿ."

ಸಂಜೆಯ ತನಕ ಒಂದೊಂದೇ ಗೂಡು ಕತ್ತರಿಸಿ ಉಂಡೆ ಹೊರಗೆ ತೆಗೆದೆವು. ಒಣಗಿದ್ದರಿಂದ ಅವು ಹಾಗೇ ಇದ್ದವು. ಅಷ್ಟರಲ್ಲಿ ಅತ್ತೆ ಹಿತ್ತಲಿನಿಂದ ಒಣಗಿದ ಬಾಳೆಪಟ್ಟೆ ತಂದರು. ಅವರ ಕಾಲದಲ್ಲಿ ಸಂತೆಯ ಬೆಲ್ಲ, ಹೊಗೆಸೊಪ್ಪು ಎಲ್ಲ ಮನೆಗೆ ಬರುತ್ತಿದ್ದದ್ದು ಅದರಲ್ಲೇ ಸುತ್ತಿಕೊಂಡು. ಪಟ್ಟೆಯೊಳಗೆ ಹೊಟ್ಟು ಹರಡಿ, ಐದೈದು ಉಂಡೆ ಒಂದಕ್ಕೊಂದು ತಾಗದ ಹಾಗೆ ಇಟ್ಟು, ಮಡಚಿ, ಬಾಳೆನಾರಿನಲ್ಲಿ ಕಟ್ಟುವುದು. ಬಣ್ಣ ತಾಗಿದ ಹೊಟ್ಟು ಬೇಡವೆಂದು ಚಾಚಾ ಆರಿಸಿ ಆರಿಸಿ ಬಿಳಿಯದನ್ನೇ ಕೊಟ್ಟರು. ನಾರನ್ನು ನೆನೆಸಿದ ಮೇಲೆ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯುವ ಕೆಲಸ ನನ್ನದು. ಹಸಿ ಒಳಗೆ ಹೋದರೆ ಉಂಡೆಗೆ ಬೂಸಲು ಹಿಡಿಯುತ್ತದೆ.

ಹುಡುಗಿಗೆ ಸಮಾಧಾನವಿರಲಿಲ್ಲ. "ಗೂಡೇ ಚೆನ್ನಾಗಿತ್ತಜ್ಜಿ."

"ಚೆನ್ನಾಗಿರದು ಯಾರಿಗೆ ಬೇಕವ್ವ? ಇದು ಹೊತ್ತಿಗೆ ಸರಿಯಾಗಿ ಕೊಳೀಬೇಕು."

ಈ ಮಾತು ಆಮೇಲೆ ಎಷ್ಟೋ ದಿನ ನನ್ನ ತಲೆಯಲ್ಲಿ ಓಡಾಡಿತು. ಮಗುವಿಗೆ ಹೊದಿಸುವಾಗ, ಹಪ್ಪಳದ ಡಬ್ಬಿ ಮುಚ್ಚುವಾಗ, ನಾವು ನೋಡುವುದು ಅದು ಎಷ್ಟು ಭದ್ರ ಎಂಬುದನ್ನಷ್ಟೇ. ಯಾವಾಗ ಬಿಟ್ಟುಕೊಡಬೇಕು ಎಂಬುದೂ ಹೊದಿಕೆಯ ಕೆಲಸವೇ ಎಂದು ಅಲ್ಲಿಯವರೆಗೆ ನಾನು ಯೋಚಿಸಿರಲಿಲ್ಲ.

ಮಾರನೇ ದಿನ ಪೊಟ್ಟಣಗಳನ್ನು ಮಕ್ಕಳಿಗೆ ಹಂಚಿದರು. ರಜೆಯಲ್ಲೇ ಮರ ಕಡಿದರು. ಚಾಚಾ ಅವತ್ತು ಬರಲಿಲ್ಲ.

ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಎದುರು ಮನೆಯ ಹುಡುಗಿ ತನ್ನ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಬಂದಳು. ಅವಳು ಎಸೆದೇ ಇರಲಿಲ್ಲ. ಕಿಟಕಿಯಲ್ಲಿ ಇಟ್ಟು ಮರೆತಿದ್ದಳು, ಇರಚಲು ಬಿದ್ದು ನೆನೆದಿತ್ತು. ನಾರು ಸಡಿಲವಾಗಿ, ಪಟ್ಟೆ ಕಪ್ಪಗಾಗಿ ಸೀಳಿ, ಸೀಳಿನಿಂದ ಮೂರು ಸಸಿಗಳು ಎರಡೆರಡು ಎಲೆ ಹೊರಗೆ ಹಾಕಿದ್ದವು.

ಚಾಚಾಗೆ ಫೋನ್ ಮಾಡಿದೆ. ಮುಂದಿನ ಬಸ್ಸಿಗೇ ಬಂದರು. ನಮ್ಮ ಹಿಪ್ಪುನೇರಳೆ ತೋಟದ ಬದುವಿನಲ್ಲಿ ಅತ್ತೆ ಗುಂಡಿ ತೋರಿಸಿದರು. ಚಾಚಾ ಪಟ್ಟೆ ಬಿಚ್ಚಲು ಹೋದಾಗ ಹುಡುಗಿ ಅವರ ಕೈ ಹಿಡಿದಳು. ಪೊಟ್ಟಣವನ್ನು ಹಾಗೇ ಗುಂಡಿಗೆ ಇಳಿಸಿ ಮಣ್ಣು ಎಳೆದರು.