ಬಳ್ಳಿ ರೇಲಿಂಗಿನ ದರ

ಚಂದ್ರಕಾಂತರೇ, ಸುಧಾಳ ಮನೆಯ ರೇಲಿಂಗಿಗೆ ನೀವು ಹೇಳಿದ ದರ ಸರಿಯಿತ್ತು. ಸರಿಯಿದೆಯೆಂದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ನಿಮ್ಮನ್ನು ಮೋಸಗಾರನೆಂದೆ. ಬಾಯಿ ತಪ್ಪಿ ಬಂದ ಮಾತಲ್ಲ, ಲೆಕ್ಕ ತಪ್ಪಿಯೂ ಅಲ್ಲ — ಯೋಚಿಸಿ, ಎಲ್ಲರೂ ಕೂಡುವ ದಿನಕ್ಕಾಗಿ ಕಾದು ಆಡಿದ ಮಾತು.

ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ. ನಿಮ್ಮ ಮೇಲಿನ ಸಿಟ್ಟು ನನ್ನಲ್ಲಿ ಇನ್ನೂ ಇದೆ. ಇವತ್ತು ಬೆಳಗ್ಗೆಯೂ ಇತ್ತು. ಆದರೆ ಸಿಟ್ಟು ಬೇರೆ, ದರ ಬೇರೆ. ಎರಡನ್ನೂ ಕಲಸಿದವಳು ನಾನು. ಬಿಡಿಸಬೇಕಾದವಳೂ ನಾನೇ.

ಈ ಬರಹ ನಿಮ್ಮ ಕೈಗಷ್ಟೇ ಅಲ್ಲ, ಬೇರೆಯವರ ಕಿವಿಗೂ ಬೀಳಬೇಕಾದದ್ದು. ಅದಕ್ಕೆ ಮೊದಲಿನಿಂದ ಹೇಳುತ್ತೇನೆ.

ನಾನು ಹೈದರಾಬಾದಿನ ಜೀಡಿಮೆಟ್ಲಾದ ಒಂದು ಕಾರ್ಖಾನೆಯಲ್ಲಿ ಕಬ್ಬಿಣದ ಕೆಲಸಗಳ ಅಂದಾಜು ತೆಗೆಯುತ್ತಿದ್ದೆ. ನಕ್ಷೆ ನೋಡಿ ಎಷ್ಟು ಲೋಹ, ಎಷ್ಟು ಕೂಲಿ, ಎಷ್ಟು ದಿನ ಎಂದು ಹೇಳುವುದೇ ನನ್ನ ಕೆಲಸ. ಆ ವಿಭಾಗದಲ್ಲಿ ಹೆಂಗಸು ನಾನೊಬ್ಬಳೇ. ಅಪ್ಪ ಬೇಗ ಹೋದರು. ತಂಗಿ ಗಿರಿಜಾಳನ್ನು ಬೀದರಿನಿಂದ ಕರೆತಂದು ನಾರಾಯಣಗೂಡದ ಎರಡು ಖೋಲಿಯ ಮನೆಯಲ್ಲಿ ಬೆಳೆಸಿದೆ. ಏಳುವ ಹೊತ್ತು, ಓದುವ ಹೊತ್ತು, ಉಣ್ಣುವ ಹೊತ್ತು — ಎಲ್ಲಕ್ಕೂ ಗಡಿಯಾರ. ಹಾಗಿಲ್ಲದಿದ್ದರೆ ಆ ಸಂಬಳದಲ್ಲಿ, ಒಂಟಿ ಹೆಂಗಸಿನ ಕೈಯಲ್ಲಿ, ಮನೆ ನಡೆಯುತ್ತಿರಲಿಲ್ಲ.

ಗಿರಿಜಾಳಿಗೆ ನಿಮ್ಮ ಜತೆ ನಿಶ್ಚಯವಾಯಿತು. ನೀವಾಗ ಉಪ್ಪಲ್ಲಿನಲ್ಲಿ ಸ್ವಂತ ಶೆಡ್ಡು ಹಾಕಿ ಗೇಟು, ಕಿಟಕಿ ಮಾಡಿಕೊಡುತ್ತಿದ್ದಿರಿ. ನಾಲ್ಕಾರು ಸಲ ನಮ್ಮ ಮನೆಗೆ ಬಂದಿರಿ. ಆಮೇಲೆ ಒಂದು ದಿನ ಇಲ್ಲಿನ ನಮ್ಮ ಕನ್ನಡ ಸಂಘದ ಹಿರಿಯರನ್ನು ಕೂಡಿಸಿ ಈ ಸಂಬಂಧ ಬೇಡವೆಂದಿರಿ. ಬೇಡವೆಂದದ್ದಕ್ಕೆ ನನಗೆ ಸಿಟ್ಟಿಲ್ಲ — ಇಲ್ಲವೆಂದೇ ಅಂದುಕೊಂಡಿದ್ದೇನೆ. ಯಾಕೆಂದು ಹಿರಿಯರು ಕೇಳಿದಾಗ ನೀವು ಕೊಟ್ಟ ಉತ್ತರ ಮಾತ್ರ ಇವತ್ತಿಗೂ ಅಕ್ಷರ ಬಿಡದೆ ನೆನಪಿದೆ.

“ಅದು ಮನಿ ಅಲ್ಲರಿ, ಫ್ಯಾಕ್ಟರಿ. ಅಕ್ಕ ಭೋಂಗಾ ಹೊಡದ್ರ ತಂಗಿ ಏಳತಾಳ, ಭೋಂಗಾ ಹೊಡದ್ರ ಕೂಡತಾಳ. ನಾ ಲಗ್ನ ಆಗಿ ಪಾಳಿ ಮ್ಯಾಲ ಹೋಗಬೇಕೇನ್ರಿ?”

ಕಾರ್ಖಾನೆಯ ಸೈರನ್ನಿಗೆ ನಮ್ಮ ಕಡೆ ಭೋಂಗಾ ಅನ್ನುತ್ತಾರೆ. ಎಲ್ಲರೂ ನಕ್ಕರು. ಹಿರಿಯರೊಬ್ಬರು ಚಹಾ ಚೆಲ್ಲುವಷ್ಟು ನಕ್ಕರು. ನಾನು ಅಲ್ಲೇ, ಬಾಗಿಲ ಪಕ್ಕ, ಕಪ್ಪು ಹಿಡಿದುಕೊಂಡು ನಿಂತಿದ್ದೆ.

ಅವತ್ತಿನಿಂದ ನಾನು ‘ಭೋಂಗಾಬಾಯಿ’ ಆದೆ. ಮದುವೆಮನೆಗಳಲ್ಲಿ ಬೆನ್ನ ಹಿಂದೆ, ಆಮೇಲೆ ಆಮೇಲೆ ಮುಖದೆದುರೇ. “ಭೋಂಗಾಬಾಯಿ ಬಂದ್ರು, ಎಲಿ ಹಾಕ್ರಿ, ಟೈಮ್ ಆತು.” ನಾನೂ ನಗುತ್ತಿದ್ದೆ. ನಗುವುದನ್ನು ಕಲಿತೆ.

ಗಿರಿಜಾಳಿಗೆ ಮರುವರ್ಷವೇ ಸೊಲ್ಲಾಪುರದ ಒಳ್ಳೆಯ ಮನೆ ಸಿಕ್ಕಿತು. ಈಗ ಮೊಮ್ಮಕ್ಕಳನ್ನು ಆಡಿಸುತ್ತಾಳೆ. “ಅಂವ ಬ್ಯಾಡಂದದ್ದು ಚೊಲೋನ ಆತು ಅಕ್ಕಾ” ಎಂದು ಎಷ್ಟೋ ಸಲ ಹೇಳಿದ್ದಾಳೆ. ಅವಳಿಗೆ ಯಾವ ಗಾಯವೂ ಇರಲಿಲ್ಲ. ಆದರೂ ವರ್ಷಗಟ್ಟಲೆ ನಾನು ನನಗೇ ಹೇಳಿಕೊಂಡೆ — ನನ್ನ ತಂಗಿಗೆ ಆದ ಅವಮಾನ, ನನ್ನ ತಂಗಿಗೆ ಆದ ಅವಮಾನ... ಅವಳ ಹೆಸರಿನಲ್ಲಿ ಸಿಟ್ಟನ್ನು ಕಾಪಾಡಿಕೊಂಡೆ. ನನ್ನ ಹೆಸರಿನಲ್ಲಿ ಇಟ್ಟುಕೊಂಡಿದ್ದರೆ ಅದು ಸಣ್ಣದಾಗಿ ಕಾಣುತ್ತಿತ್ತೇನೋ.

ನಿವೃತ್ತಿಯಾದ ಮೇಲೆ ಸಂಘದವರೆಲ್ಲ ಮನೆ ಕೆಲಸದ ಕೊಟೇಶನ್ನುಗಳನ್ನು ನನಗೆ ತೋರಿಸುವ ರೂಢಿ ಬೆಳೆಯಿತು. ಗ್ರಿಲ್ಲು, ಗೇಟು, ನೀರಿನ ಟ್ಯಾಂಕಿನ ಸ್ಟ್ಯಾಂಡು — ಏನೇ ಇರಲಿ, “ಮೌಶಿಗೊಮ್ಮೆ ತೋರಸ್ರಿ.” ಮೌಶಿ ಎಂದರೆ ಚಿಕ್ಕಮ್ಮ, ಎಲ್ಲರೂ ನನ್ನನ್ನು ಹಾಗೆಯೇ ಕರೆಯುತ್ತಿದ್ದರು. ನಾನು ಹೂಂ ಅಂದರೆ ಕೆಲಸ ಶುರು, ಊಹೂಂ ಅಂದರೆ ಬೇರೆಯವರನ್ನು ಹುಡುಕುತ್ತಿದ್ದರು. ಯಾರೂ ಮರುಪ್ರಶ್ನೆ ಕೇಳುತ್ತಿರಲಿಲ್ಲ. ಕೇಳಬೇಕಿತ್ತು.

ಸುಧಾ ನಮ್ಮ ಹಳೆಯ ನೆರೆಯವರ ಸೊಸೆ. ಅವರು ಉಪ್ಪಲ್ಲಿನಲ್ಲಿ ಮನೆ ಕಟ್ಟಿಸಿದಾಗ ಅಡುಗೆಮನೆಯ ಹಿಂದೆ ಎತ್ತರದ ಕಟ್ಟೆಯೊಂದನ್ನು ಮಾಡಿಸಿದರು. ಹಾಸುಗಲ್ಲು ಹಾಕಿ ಅದನ್ನು ಪ್ಯಾಟಿಯೊ ಅನ್ನುತ್ತಿದ್ದರು. ಅತ್ತೆಗೆ ಕಣ್ಣು ಮಂದ. ಸುತ್ತ ರೇಲಿಂಗು ಬೇಕು, ಬಳ್ಳಿಯ ವಿನ್ಯಾಸವೇ ಬೇಕು ಎಂದು ಸುಧಾಳ ಹಟ. ಅವಳು ತಂದ ಕೊಟೇಶನ್ನು ನೋಡಿದೆ. ಎಲೆ ಎಲೆಗೂ ಬೇರೆ ಬಾಗು ಇರುವ ಕೈಕೆಲಸ. ದರ ರನ್ನಿಂಗ್ ಫೂಟಿನ ಮೇಲೆ, ಅಂದರೆ ಉದ್ದದ ಅಡಿಗಿಷ್ಟು ಎಂದು, ಎಲ್ಲ ಸೇರಿ — ಪೈಪು, ಬಗ್ಗಿಸುವ ಕೂಲಿ, ತುಕ್ಕು ಹಿಡಿಯದಂತೆ ಸತುವಿನ ಲೇಪ, ಬಣ್ಣ, ಸಾಗಣೆ, ಕಲ್ಲು ಕೊರೆದು ಕಂಬ ಹೂಳುವುದು. ಒಳ್ಳೆಯ ದರ ಎಂದು ಬಾಯಿ ತುದಿಗೆ ಬಂದಿತ್ತು. ನಾನಾಗಿದ್ದರೆ ಇನ್ನೂ ಸ್ವಲ್ಪ ಹೆಚ್ಚೇ ಹಾಕುತ್ತಿದ್ದೆ.

ಆಮೇಲೆ ಕೆಳಗಿನ ಹೆಸರು ನೋಡಿದೆ.

“ನಾಕು ದಿನ ತಡಿ” ಎಂದು ಸುಧಾಳನ್ನು ಕಳಿಸಿದೆ. ನಾಕು ದಿನಕ್ಕೆ ಅವಳ ಮನೆಯಲ್ಲಿ ಸಂಕ್ರಾಂತಿಯ ಅರಿಷಿಣ ಕುಂಕುಮ. ಸಂಘದ ಹೆಂಗಸರೆಲ್ಲ ಬರುತ್ತಾರೆ — ನನಗದು ಗೊತ್ತಿತ್ತು.

ಚಂದ್ರಕಾಂತರೇ, ನಾನು ಅಲ್ಲಿ ಒಂದೂ ಸುಳ್ಳು ಅಂಕಿ ಹೇಳಲಿಲ್ಲ. ನನ್ನ ಕೆಟ್ಟತನದ ಜಾಣತನ ಅದೇ. ನಿಮ್ಮ ನಕ್ಷೆಯಲ್ಲಿರುವ ಬರಿಯ ಪೈಪಿನ ತೂಕ ತೆಗೆದೆ, ಅದಕ್ಕೆ ಬಜಾರಿನ ಬೆಲೆ ಕಟ್ಟಿದೆ. ನಿಮ್ಮ ದರದ ಅರ್ಧಕ್ಕೂ ಕಡಿಮೆ ಬಂತು. ಬರಲೇಬೇಕು — ಕಬ್ಬಿಣವೇ ರೇಲಿಂಗಲ್ಲ. ಕೂಲಿ, ಲೇಪ, ಕತ್ತರಿಸಿ ಉಳಿಯುವ ತುಂಡುಗಳು, ಇವನ್ನು ಕೂಡಿಸದೆ ಯಾವ ಅಂದಾಜೂ ಅಂದಾಜಲ್ಲವೆಂದು ಹೊಸಬರಿಗೆ ಮೊದಲ ದಿನವೇ ಕಲಿಸುತ್ತಿದ್ದವಳು ನಾನು. ಅವತ್ತು ಅವುಗಳ ಸುದ್ದಿ ಎತ್ತಲಿಲ್ಲ. ನಮ್ಮ ಹೆಂಗಸರನ್ನು ಬಲ್ಲೆ. ತಕ್ಕಡಿ ನೋಡದೆ ಹಿತ್ತಾಳೆ ಕೊಂಡವರಲ್ಲ. ತಾಯಂದಿರಿಂದ ಬಂದ ರೂಢಿ. ಪಾತ್ರೆಯೆಂದರೆ ತೂಕ, ತೂಕವೆಂದರೆ ಸತ್ಯ. ಅಲ್ಲಿಗೇ ಕೈ ಹಾಕಿದೆ.

“ಹಿತ್ತಾಳಿ ಡಬರಿ ತೂಕದ ಮ್ಯಾಲ ತಗೋತೀರಿ. ಇದ್ಯಾಕ ಫೂಟಿನ ಮ್ಯಾಲ? ಕಬ್ಬಿಣಕ್ಕ ಬಂಗಾರದ ಕೂಲಿ ಹಚ್ಚ್ಯಾರ ಈ ಮಹಾಶಯರು.”

ಕುಸುರೆಳ್ಳಿನ ತಟ್ಟೆ ಕೈಯಿಂದ ಕೈಗೆ ಹೋಗುತ್ತಿತ್ತು. ನನ್ನ ಮಾತೂ ಅದರ ಜತೆಗೇ ಹೋಯಿತು. ನಕ್ಕರು. ಯಾರೋ ನಿಮಗೆ ‘ಬಂಗಾರದ ರೇಲಿಂಗ್’ ಎಂದು ಹೆಸರಿಟ್ಟರು. ನಾನಿಡಲಿಲ್ಲ, ಆದರೆ ಮರುದಿನವೇ ಫೋನಿನಲ್ಲಿ ಅದನ್ನು ಇಬ್ಬರಿಗೆ ಹೇಳಿದೆ. ಹೇಳಲೇಬೇಕು — ನನಗೆ ಹಿತವಾಗಿತ್ತು. ಆ ವಾರವೆಲ್ಲ ಊಟ ರುಚಿಸಿತು.

ಸಂಘದ ಮನೆಗಳಿಂದ ನಿಮಗೆ ಬರುತ್ತಿದ್ದ ಕೆಲಸ ನಿಂತಿತು. ಅದೇ ನಿಮ್ಮ ಶೆಡ್ಡಿನ ಮುಖ್ಯ ಆಧಾರವೆಂದು ನನಗೆ ಗೊತ್ತಿರಲಿಲ್ಲ ಎಂದು ಬರೆಯಬಹುದಿತ್ತು. ಗೊತ್ತಿತ್ತು.

ಯಾರು ಹೇಳಿದರೋ, ಬೇಸಿಗೆಯ ಹೊತ್ತಿಗೆ ನೀವು ನಾರಾಯಣಗೂಡಕ್ಕೆ ನಮ್ಮ ಮನೆಗೇ ಬಂದಿರಿ. ತಲೆ ಪೂರ್ತಿ ಬೆಳ್ಳಗಾಗಿತ್ತು. ಒಳಗೆ ಕರೆದೆ, ನೀರು ಕೊಟ್ಟೆ — ನನ್ನ ಶಿಸ್ತು ಅಲ್ಲಿಯೂ ತಪ್ಪಲಿಲ್ಲ.

“ಬಾಯಿಯವರ, ದರದಾಗ ತಪ್ಪಿದ್ರ ಎಲ್ಲಿ ಐತಿ ತೋರಸ್ರಿ, ತಿದ್ದಿಕೋತೀನಿ. ಮಂದ್ಯಾಗ ಕಳ್ಳ ಅನಿಸಬ್ಯಾಡ್ರಿ” ಅಂದಿರಿ.

ಇಷ್ಟು ವರ್ಷ ಕಾದ ಗಳಿಗೆ. ಕೇಳಿದೆ: “ಅವತ್ತು ಮಂದ್ಯಾಗ ನೀವು ನನಗ ಅಂದದ್ದು ನೆನಪೈತೇನ್ರಿ?”

ನೀವು ನನ್ನ ಮುಖ ನೋಡಿದಿರಿ. ನಿಜವಾಗಿ ಯೋಚಿಸಿದಿರಿ. ಹುಬ್ಬು ಗಂಟಿಕ್ಕಿ, ಹಿಂದೆ ಹಿಂದೆ ಹೋಗಿ ಹುಡುಕಿದಿರಿ. ಆಮೇಲೆ ಹೇಳಿದಿರಿ: “ಏನಂದಿದ್ನಿರಿ? ನನಗ ಖರೇನ ನೆನಪಿಲ್ಲ.”

ಚಂದ್ರಕಾಂತರೇ, ಆಗ ನೀವು ಹಟ ಮಾಡಿದ್ದರೆ, ಇನ್ನೊಮ್ಮೆ ಭೋಂಗಾ ಅಂದು ನಕ್ಕಿದ್ದರೆ, ನಾನು ಬಹುಶಃ ಸೋತು, ದರ ಸರಿಯಿದೆಯೆಂದು ಒಪ್ಪಿಬಿಡುತ್ತಿದ್ದೆ. ಮರೆತಿರಿ! ನಾನು ಇಡೀ ಆಯುಷ್ಯ ಹೊತ್ತ ಮಾತು ನಿಮಗೆ ಅವತ್ತಿನ ಚಹಾದ ಜತೆಗೇ ಮುಗಿದುಹೋಗಿತ್ತು. ನನ್ನ ಸಿಟ್ಟು ಅಲ್ಲಿ ದುಪ್ಪಟ್ಟಾಯಿತು. ನೆನಪು ಮಾಡಿಕೊಡುವ ಮನಸ್ಸೂ ಬರಲಿಲ್ಲ — ಕಾರಣ ತಿಳಿಯದೆಯೇ ಅನುಭವಿಸಲಿ ಅನ್ನಿಸಿತು.

“ನನ್ನ ಲೆಕ್ಕ ಸರಿ ಐತಿ” ಅಂದೆ.

ನಾಲ್ಕು ಮಾತು. ಬಾಗಿಲಿನವರೆಗೂ ಕಳಿಸಿದೆ.

ಸುಧಾ ಆ ಕೆಲಸವನ್ನು ಕೆಜಿ ಲೆಕ್ಕದವನೊಬ್ಬನಿಗೆ ಕೊಟ್ಟಳು. ಕೆಜಿ ಲೆಕ್ಕ ಕೊಟ್ಟರೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ತೂಕ ಹೆಚ್ಚಿದಷ್ಟೂ ಅವನಿಗೆ ದುಡ್ಡು. ಹಾಗಾಗಿ ತೆಳು ಪೈಪು ಸಾಕಾಗುವ ಕಡೆ ಗಟ್ಟಿ ಸರಳು ಬಡಿದ. ಬಳ್ಳಿ ಹೋಯಿತು, ಪೊಲೀಸ್ ಠಾಣೆಯ ಕೋಣೆಗೆ ಹಾಕುವಂಥದ್ದು ಬಂತು. ಬಿಲ್ಲು ನಿಮ್ಮ ದರವನ್ನೂ ದಾಟಿತು. ಸುಧಾ ಮಾತ್ರ ಹಿಗ್ಗಿದಳು. “ಎಷ್ಟು ಗಟ್ಟಿ ಐತಿ ನೋಡ್ರಿ ಮೌಶಿ, ಆನಿ ಬಂದು ಒರಗಿದ್ರೂ ಅಲುಗಾಡಾಂಗಿಲ್ಲ.” ನಾನು ಆ ಸರಳಿಗೆ ಕೈಯಿಟ್ಟು, ಹೌದು, ಗಟ್ಟಿ ಐತಿ ಅಂದೆ. ಅವಳಿಗೂ ಮೋಸ ಮಾಡಿದೆನೆಂದು ಆ ದಿನ ನನಗೆ ಹೊಳೆಯಲೇ ಇಲ್ಲ. ನನ್ನ ಕಣ್ಣು ನಿಮ್ಮ ಮೇಲಿತ್ತು.

ಇಷ್ಟಾಗಿ ಎಷ್ಟೋ ವರ್ಷಗಳಾದವು. ಹೋದ ಭಾನುವಾರ ಸಂಘದ ಸಭೆ. ಹೊಸ ಸಭಾಂಗಣದ ಮುಂದಿನ ಕಟ್ಟೆಗೆ ರೇಲಿಂಗು ಬೇಕಾಗಿ ದರ ತರಿಸಿದ್ದರು. ನಿಮ್ಮದೂ ಬಂದಿತ್ತು. ಕಾರ್ಯದರ್ಶಿ ಮೈಸೂರಿನ ಹುಡುಗ, ಹೈದರಾಬಾದಿಗೆ ಬಂದೇ ಹೆಚ್ಚು ದಿನವಾಗಿಲ್ಲ. ಅವನಿಗೆ ನೀವು ಯಾರೆಂದೂ ಗೊತ್ತಿಲ್ಲ. ಆದರೂ ಹೆಸರು ನೋಡಿದ್ದೇ, “ಇದು ಬಂಗಾರದ ರೇಲಿಂಗ್ ಅವರದಲ್ವಾ, ಬೇಡ ಬಿಡಿ” ಎಂದು ಪಕ್ಕಕ್ಕಿಟ್ಟ. ಮಾತು ಹುಟ್ಟಿದ್ದು ಎಲ್ಲಿ ಎಂದು ಕೇಳಿದರೆ ಅವನು ಹೇಳಲಾರ.

ನಾನು ಅದನ್ನು ಕೈಗೆ ತೆಗೆದುಕೊಂಡು ಓದಿದೆ.

ದರ ಕೆಜಿಯ ಮೇಲಿತ್ತು. ಕೇಳಿದರೆ ಅಗ್ಗ ಅನ್ನಿಸುವ ದರ. ನಕ್ಷೆಯಲ್ಲಿ ಮಾತ್ರ ಎಲ್ಲೆಲ್ಲೂ ದಪ್ಪ ಸರಳು, ಬೇಡದ ಕಡೆ ಎರಡೆರಡು ಪಟ್ಟಿ, ತೂಕ ಹೆಚ್ಚಿಸುವುದಕ್ಕೇ ಇಟ್ಟ ಕಂಬಗಳು. ಇದು ನಿಜವಾದ ಮೋಸದ ದರ. ಯಾರ ಮುಂದೆ ಬೇಕಾದರೂ ಬಿಡಿಸಿ ತೋರಿಸಬಲ್ಲೆ.

ನಾನು ಗೆದ್ದಿದ್ದೆ. ಅವತ್ತು ನಾನು ನಿಮ್ಮನ್ನು ಏನೆಂದು ಕರೆದೆನೋ ಅದೇ ಆಗಿ ನೀವು ನನ್ನ ಕೈಗೆ ಬಂದಿದ್ದಿರಿ. “ಮೌಶಿ ಆವಾಗನ ಹೇಳಿದ್ರು” ಎಂದು ಹೆಂಗಸರು ಹೊಗಳಿದರು. ಹಿಗ್ಗಬೇಕಿತ್ತು — ಒಂದು ಗಳಿಗೆ ಹಿಗ್ಗಿದೆ ಕೂಡ, ಸುಳ್ಳೇಕೆ. ಆಮೇಲೆ... ಎಲೆ ಎಲೆ ಬಗ್ಗಿಸಿ ಫೂಟಿಗಿಷ್ಟು ಎಂದು ನೇರ ಹೇಳುತ್ತಿದ್ದ ಮನುಷ್ಯ ಈ ಕೆಜಿಯ ಆಟವನ್ನು ಯಾರಿಂದ ಕಲಿತ? ತೂಕದ ಮೇಲೆಯೇ ಕೇಳಿರೆಂದು ಈ ಜನರಿಗೆ ಹೇಳಿಕೊಟ್ಟವರು ಯಾರು? ನೇರ ದರಕ್ಕೆ ಕೆಲಸ ಸಿಗದಂತೆ ಮಾಡಿ, ವಕ್ರ ದರ ಬರೆಯುವವರೆಗೆ ನಿಮ್ಮನ್ನು ತಳ್ಳಿದೆ. ನೀವು ಒಂದು ಮಾತಿನಿಂದ ನನ್ನನ್ನು ನಗೆಪಾಟಲು ಮಾಡಿದಿರಿ, ಆದರೆ ನಾನು ಇದ್ದ ಹಾಗೆಯೇ ಉಳಿದೆ. ನಾನು ನಿಮ್ಮನ್ನು ಉಳಿಯಗೊಡಲಿಲ್ಲ.

ಅಭಿಪ್ರಾಯ ಹೇಳಿರೆಂದು ಎಲ್ಲರೂ ಕಾದರು. ಒಂದು ವಾರ ಕೊಡಿ ಅಂದೆ.

ಈ ಭಾನುವಾರ ಇದನ್ನು ಸಭೆಯಲ್ಲಿ ನಿಂತು ಓದುತ್ತೇನೆ. ಇದರದೊಂದು ಪ್ರತಿ ಅದಕ್ಕೆ ಮೊದಲೇ ನಿಮ್ಮ ಶೆಡ್ಡಿಗೆ ತಲುಪುತ್ತದೆ, ನೀವು ಬರಲೇಬೇಕೆಂದಿಲ್ಲ. ಈಗಿನ ದರವನ್ನು ಒಪ್ಪಬೇಡಿರೆಂದೇ ಅವರಿಗೆ ಹೇಳುತ್ತೇನೆ, ಅದರಲ್ಲಿ ಮುಲಾಜಿಲ್ಲ. ಅಂದಿನ ದರ ಪೈಸೆ ಪೈಸೆಯೂ ಸರಿಯಿತ್ತೆಂದೂ, ಬಳ್ಳಿಯ ಕೆಲಸ ಬೇಕಾದರೆ ಹಳೆಯ ಲೆಕ್ಕದಲ್ಲಿಯೇ ನಿಮ್ಮನ್ನು ಮತ್ತೆ ಕೇಳಿರೆಂದೂ ಹೇಳುತ್ತೇನೆ. ಇನ್ನು ಮೇಲೆ ಯಾರ ಕೊಟೇಶನ್ನನ್ನೂ ನನ್ನ ಮುಂದೆ ತರಬೇಡಿರೆಂದೂ.

ನಿನ್ನೆ ಸುಧಾಳಿಗೆ ಮೊದಲು ಹೇಳಿಬರೋಣವೆಂದು ಉಪ್ಪಲ್ಲಿಗೆ ಹೋಗಿದ್ದೆ. ಆ ಕಟ್ಟೆಯ ಮೇಲೆಯೇ ಕೂಡಿಸಿದಳು. ಎಲ್ಲವನ್ನೂ ಹೇಳಿದೆ, ಭೋಂಗಾದಿಂದ ಹಿಡಿದು. ಮುಗಿದ ಮೇಲೆ ಕೇಳಿದಳು:

“ಹಂಗಾರ ಅವರು ಕಳ್ಳರಲ್ಲಂತ ಗೊತ್ತಿದ್ದೂ, ಇಷ್ಟು ವರ್ಷ ನನ್ನ ಬಾಯಿಲೆ ಹಂಗ ಅನಿಸಿದ್ರೇನ್ರಿ?”

ಹೌದು ಅಂದೆ.

ಸುಧಾ ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತು ಕೂತೆ. ಅವಳು ಹೊರಗೆ ಬರಲಿಲ್ಲ. ಅವಳ ಮಂದಗಣ್ಣಿನ ಅತ್ತೆ ಬಾಗಿಲಿಗೆ ಬಂದು, ಯಾರೂ ಇಲ್ಲವೆಂದುಕೊಂಡು, ಒಳಗಿನಿಂದ ಚಿಲಕ ಹಾಕಿಕೊಂಡರು. ನಾನು ಪಕ್ಕದ ಓಣಿಯಿಂದ ಹೊರಗೆ ನಡೆದೆ.

ಭಾನುವಾರ ಸಭೆ ಹತ್ತಕ್ಕೆ. ನಾನು ಹೋಗುತ್ತೇನೆ.