ಸುರಂಗದ ಬಾಯಲ್ಲಿ ಅಮ್ಮನ ಕೂಗು

ಮತ್ತೆ ಅದೇ ಕೆಟ್ಟ ಕನಸು. ತೀರಿಹೋದ ಅಮ್ಮ ಸುರಂಗದೊಳಗೆ ಒಬ್ಬಳೇ ಕೂತಿದ್ದಾಳೆ. ಮನಸ್ಸು ತಡೆಯದೆ ಜಪಾನಿನ ಒಕಾಜಾಕಿಯ ಆ ಹಳೆಯ ಜಮೀನ್ದಾರರ ಉದ್ಯಾನಕ್ಕೆ ಹೋದೆ. ಯುದ್ಧಕಾಲದಲ್ಲಿ ಬಾಂಬಿಗೆ ಹೆದರಿ ಜನ ಅಡಗುತ್ತಿದ್ದ ಸುರಂಗದಿಂದ ಅದೇ ಹಸಿಮಣ್ಣಿನ ವಾಸನೆ ಬಂತು.

ನಾವು ಚಿಕ್ಕವರಿದ್ದಾಗ, ಅಪ್ಪನ ಕೆಲಸಕ್ಕೆಂದು ಜಪಾನಿಗೆ ಬಂದು, ನನ್ನ ಶಾಲೆ ಅರ್ಧಕ್ಕೇ ನಿಂತಿದ್ದ ಕಾಲ. ಇಲ್ಲಿ ಆಡಿ ಹೊರಡುವಾಗ ಅಮ್ಮ ಸುರಂಗದೊಳಗೆ ಬಗ್ಗಿ ಕೂಗುತ್ತಿದ್ದಳು: "ಪುಟ್ಟೀ, ರವೀ, ಬನ್ರೋ, ಮನೆಗೆ ಹೋಗೋಣ."

"ಅಮ್ಮಾ, ಇಲ್ಲೇ ಇದೀವಲ್ಲ!" ತಮ್ಮ ರವಿ ನಗುತ್ತಿದ್ದ.

"ಹೆದರಿದ ನಿಮ್ಮ ಜೀವ ಒಳಗೇ ಉಳಿದುಬಿಟ್ರೆ? ಕರ್ಕೊಂಡೇ ಹೋಗ್ಬೇಕು ಕಣೋ."

ಅವಳನ್ನು ಮಾತ್ರ ಯಾರೂ ಕರೆಯುತ್ತಿರಲಿಲ್ಲ.

ಇವತ್ತು, ಸುರಂಗದ ಬಾಯಿಗೆ ಈಗ ಹಾಕಿರುವ ಕಬ್ಬಿಣದ ಜಾಲರಿ ಹಿಡಿದು, "ಅಮ್ಮಾ, ಬಾಮ್ಮ, ಮನೆಗೆ ಹೋಗೋಣ" ಎಂದು ಕೂಗಿದೆ. ಪಕ್ಕದಲ್ಲಿದ್ದ ಜಪಾನಿ ಅಜ್ಜ 'ಸುಮಿಮಾಸೆನ್', ಕ್ಷಮಿಸಿ, ಎಂದು ಮೆಲ್ಲಗೆ ದೂರ ಸರಿದರು.

ರಾತ್ರಿ ತಮ್ಮನಿಗೆ ಬರೆದೆ: ರವೀ, ಅಳುವಿನಲ್ಲಿ ನನಗೆ ಸರಿಯಾಗಿ ಕಾಣಲಿಲ್ಲ. ಆ ಜಾಲರಿಗೆ ಹೊರಗಿನಿಂದ ಬೀಗ ಹಾಕಿದ್ದಾರಾ? ನೀನೊಮ್ಮೆ ಹೋಗಿ ನೋಡಿ ಹೇಳು.